ಹೊಳೆಯ ನಡುವೆ ಕಿತ್ತುಕೊಂಡ ಹುಟ್ಟು

ಪ್ರೀತಿಯ ಪರಶಣ್ಣ,

ಹರಿಹರದ ನಮ್ಮ ಮನೆಯಿಂದ ಶಾಮನೂರಿನ ನಿನ್ನ ಮನೆಗೆ ಹದಿನೈದು ಕಿಲೋಮೀಟರಿನ ಆಸುಪಾಸು. ನಿಮ್ಮ ಕಡೆಯ ವಿದ್ಯಾನಗರದ ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಕ್ಕಿದೆ, ದಿನಾ ಬಂದು ಹೋಗುತ್ತೇನೆ. ಹೋದ ತಿಂಗಳು ಬಸ್ಸಿನ ಕಿಟಕಿಯಿಂದ ನಿನ್ನನ್ನು ನೋಡಿದೆ. ನೀನು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಮಗಳನ್ನು ಕೂರಿಸಿಕೊಂಡು ಸಿಗ್ನಲ್‌ನಲ್ಲಿ ನಿಂತಿದ್ದೆ. ಅವಳ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿದ್ದೇನೆ, ಒಮ್ಮೆಯೂ ಕರೆದಿಲ್ಲ. ಕೂಗಬೇಕೆನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಮೂರು ವರ್ಷದ ಹಿಂದೆ, ಸಂಕ್ರಾಂತಿಯ ಮರುದಿನ ನಡೆದದ್ದರಲ್ಲಿ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಅದನ್ನು ತಿಳಿಸಲು ಈ ಪತ್ರ.

ಪ್ರತಿ ವರ್ಷ ಆ ದಿನ ಅಪ್ಪನ ಹರಿಗೋಲಿನಲ್ಲಿ ಹೊಳೆಯ ಗುಂಟ ಉತ್ತರಕ್ಕೆ, ಅವ್ವನ ತವರಿಗೆ ಹೋಗುತ್ತಿದ್ದೆವು. ಬರುವಾಗ ಹರಿವಿಗೆ ಎದುರಾಗಿ ಬರಲಾಗದು. ಅಪ್ಪನೂ ನೀನೂ ಹರಿಗೋಲನ್ನು ಬೋರಲು ಹೊತ್ತು ದಂಡೆಯಲ್ಲಿ ನಡೆದರೆ ನಾಲ್ಕು ಕಾಲಿನ ದೊಡ್ಡ ಆಮೆಯೊಂದು ಊರಿಗೆ ಹೊರಟಂತೆ ಕಾಣುತ್ತಿತ್ತು. ನಮ್ಮ ಮನೆಯ ಕಟ್ಟಳೆ ಒಂದೇ. ಹೊರಡುವಾಗ ಹರಿಗೋಲು ನಡೆಸುವ ಹುಟ್ಟನ್ನು ಯಾರ ಕೈಗೆ ಕೊಡುತ್ತಾರೋ, ತವರಿನ ದಡ ಮುಟ್ಟುವವರೆಗೆ ಅದು ಅವರದೇ. ನಡುವೆ ಯಾರೂ ಕೇಳುವಂತಿಲ್ಲ. ಆ ವರ್ಷ ಅಪ್ಪ ಮೊದಲ ಸಲ ಅದನ್ನು ನಿನಗೆ ಕೊಟ್ಟ.

ಅತ್ತಿಗೆ ನಮ್ಮ ಮನೆಗೆ ಬಂದು ಎರಡೇ ತಿಂಗಳಾಗಿತ್ತು. ನೀನು ಹುಮ್ಮಸ್ಸಿನಲ್ಲಿ ಹರಿಗೋಲನ್ನು ಗಿರಗಿರ ತಿರುಗಿಸಿದೆ. "ಏ ಪರಶ್ಯಾ, ಮೆಲ್ಲಕ! ರೊಟ್ಟಿ ಬಡಿದಿದ್ದು ನಮಗೆ, ಮೀನಿಗಲ್ಲ" ಎಂದು ಅವ್ವ ಬುತ್ತಿಗಂಟು ಅಪ್ಪಿಕೊಂಡಳು. ಅತ್ತಿಗೆ ಅವತ್ತೇ ಮೊದಲು ನಮ್ಮೆದುರು ಜೋರಾಗಿ ನಕ್ಕದ್ದು.

ಗುತ್ತೂರು ದಾಟಿದ ಮೇಲೆ ಎದುರಿಗೆ ಕರ್ರಗೆ ಏನೋ ಕಂಡಿತು. "ಅಪ್ಪಾ, ಬಂಡೆ ಐತೆ!" ಎಂದು ನಾನು ಚೀರಿದೆ. ಹುಟ್ಟು ನಿನ್ನ ಕೈಯಲ್ಲಿತ್ತು, ಕೂಗಬೇಕಾದದ್ದು ನಿನ್ನನ್ನು. ನಾನು ಅಪ್ಪನನ್ನು ಕೂಗಿದೆ. ಅಪ್ಪ ಎದ್ದು ಹುಟ್ಟು ಕಿತ್ತುಕೊಂಡ. "ಸರಿ ಅತ್ಲಾಗೆ! ಹೆಂಡ್ತಿ ಮುಂದೆ ಆಟ ತೋರ್ಸಾಕೆ ಇದೇನು ಗಿರಗಿಟ್ಲೆ ಏನಲೇ?" ಎಂದ. ನೀನು ಹತ್ತಿರದ ದಡಕ್ಕೆ ತಾಗುತ್ತಲೇ ಅತ್ತಿಗೆಯ ಕೈ ಹಿಡಿದು ಇಳಿದು, ಗದ್ದೆಯ ಬದುವಿನ ಮೇಲೆ ಹೋಗಿಬಿಟ್ಟೆ. ಮತ್ತೆ ಮನೆಗೆ ಬರಲಿಲ್ಲ.

ಅಣ್ಣಾ, ಅದು ಬಂಡೆಯಲ್ಲ. ನೀರಲ್ಲಿ ಮುಳುಗಿ ಮಲಗಿದ್ದ ಎಮ್ಮೆ. ಪಕ್ಕದಲ್ಲಿ ಹಾಯುವಾಗ ಅದರ ಕಿವಿ ಅಲುಗಿದ್ದನ್ನು ನಾನು ನೋಡಿದೆ. ನೀನೂ ಅಪ್ಪನೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದಿರಿ. ಆಗಲೇ ಹೇಳಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತೇನೋ. ಮೊದಲು ನಾಚಿಕೆಗೆ ಸುಮ್ಮನಾದೆ. ನೀನು ದಡ ಹತ್ತಿದ ಮೇಲೆ ಹೆದರಿಕೆಗೆ ಸುಮ್ಮನಾದೆ.

ಆಮೇಲೆ ನಾವು ಹೊಳೆಗಿಳಿದಿಲ್ಲ. ಅವ್ವ ತವರಿಗೆ ಬಸ್ಸಿನಲ್ಲಿ ಹೋಗುತ್ತಾಳೆ, ಹೊಳೆ ಕಾಣುವ ಕಡೆಯ ಸೀಟು ಬ್ಯಾಡ ಅನ್ನುತ್ತಾಳೆ. ನಿನ್ನ ದನಿಯಂಥ ದನಿ ರಸ್ತೆಯಲ್ಲಿ ಕೇಳಿದರೆ ಮೂವರೂ ಮಾತು ನಿಲ್ಲಿಸುತ್ತೇವೆ. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಕಳೆದ ಭಾನುವಾರ ಅಪ್ಪ ಹಿತ್ತಲಲ್ಲಿ ಹರಿಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬಳಿಯುವ ಕೈ ನಿಂತಿತು. "ಬಂಡೆನೇ ಇದ್ದಿದ್ರೂ ನಾನು ಕಿತ್ಕಾಬಾರದಿತ್ತು ಬಿಡವ್ವ. ಕೊಟ್ಟಿದ್ನಲ್ಲ ಅವನಿಗೆ" ಎಂದ. ಮತ್ತೆ ಡಾಂಬರು ಬಳಿಯುತ್ತ, "ಅವನಿಗೆ ಇದನ್ನ ಹೆಂಗೆ ಹೇಳ್ಲಿ? ನೀನು ಓದಿದಾಕಿ, ನೀನೇ ಬರಿ" ಎಂದ.

ಬರೆದಿದ್ದೇನೆ. ನನ್ನ ತಪ್ಪು ನನ್ನದು, ಅಪ್ಪನದು ಅಪ್ಪನದು.

ಈ ಸಲ ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಎಂಟಕ್ಕೆ ಹರಿಗೋಲು ದಡದಲ್ಲಿರುತ್ತದೆ. ಅಪ್ಪ ಹುಟ್ಟು ಹಿಡಿಯುವುದಿಲ್ಲವಂತೆ. ನನಗೂ ಅವ್ವನಿಗೂ ಹುಟ್ಟು ಹಾಕಲು ಬರುವುದಿಲ್ಲ. ನೀನು ಬಾರದಿದ್ದರೆ ಅದು ನೀರಿಗಿಳಿಯುವುದಿಲ್ಲ. ಮಧ್ಯಾಹ್ನದವರೆಗೆ ಕೂತಿದ್ದು ಮನೆಗೆ ಬರುತ್ತೇವೆ, ನಿನ್ನ ಮೇಲೆ ಸಿಟ್ಟಿಲ್ಲದೆ.

ಬಂದರೂ ಬಾರದಿದ್ದರೂ ಗಂಗಮ್ಮ ನಿಮ್ಮ ಮೂವರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಶೋಭಾರಾಣಿ