ನಲವತ್ತು ನಿಮಿಷದಲ್ಲಿ ಹೋದ ನೆಗಡಿ

ಬ್ಯಾಟರಾಯನಪುರ,
12 ಆಗಸ್ಟ್ 2024, ಸೋಮವಾರ

ಪ್ರೀತಿಯ ದಿಲ್ಶಾದ್ ಆಪಾ,

ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಮಂಚದಲ್ಲಿದ್ದವಳು, ನೀವು ಚಂದಾ ಎಂದು ಕರೆಯುವ ಚಂದ್ರವ್ವ, ಬರೆಯುತ್ತಿದ್ದೇನೆ. ಇಲ್ಲಿಂದ ನಿಮ್ಮ ಗಂಗಾನಗರಕ್ಕೆ ಅರ್ಧ ಗಂಟೆಯ ಆಟೋ ದಾರಿ, ಫೋನ್ ಮಾಡಿದರೆ ಅದೂ ಬೇಕಿಲ್ಲ. ಆದರೂ ಪತ್ರ ಏಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ಸುಳ್ಳು ಹೇಳುವುದು ನನಗೆ ತುಂಬ ಸಲೀಸಾಗಿಬಿಟ್ಟಿದೆ ಆಪಾ. ಬರೆಯುವಾಗ ಸುಳ್ಳು ಕಣ್ಣಿಗೆ ಕಾಣುತ್ತದೆ, ಗೀಟು ಹಾಕಿ ಹೊಡೆಯಬಹುದು. ನೀವು ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಓದಿದವರು, ವಾರ್ಡಿನಲ್ಲಿ ನನಗೇ ಪೇಪರು ಓದಿ ಹೇಳುತ್ತಿದ್ದವರು. ಆದ್ದರಿಂದ ಇದನ್ನು ನೀವೇ ಓದಿ, ಬೇರೆ ಯಾರಿಂದಲೂ ಓದಿಸಬೇಡಿ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನಿನ್ನೆ ಊರುಗೋಲಿಲ್ಲದೆ ಮನೆಯಿಂದ ಹಾಲಿನ ಬೂತಿನವರೆಗೆ ಹೋಗಿ ಬಂದೆ. ತೊಡೆಯ ಮೂಳೆ ಕೂಡಿಕೊಂಡಿದೆ. ಜನವರಿಯಲ್ಲಿ ಕೊಡಿಗೇಹಳ್ಳಿ ಗೇಟಿನ ಹತ್ತಿರ ಸ್ಕೂಟರಿನಿಂದ ಬಿದ್ದವಳು, ರಾಡು ಹಾಕಿದ ಜಾಗಕ್ಕೆ ಸೋಂಕು ತಗುಲಿ ಮೂರು ಸಲ ಆಪರೇಷನ್ ಮಾಡಿಸಿಕೊಂಡು ಎಂಬತ್ತೊಂದು ದಿನ ಮಲಗಿದ್ದವಳು, ಈಗ ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಡೆದು ಬಂದೆನೆಂದರೆ ನನಗೇ ನಂಬಿಕೆ ಬರಲಿಲ್ಲ.

ಆ ಕ್ಯಾಪ್ಸೂಲ್ ನಿಮಗೆ ನೆನಪಿದೆಯಲ್ಲ, ನಿಮ್ಮ ಮಂಡಿಗೂ ನನ್ನ ತೊಡೆಗೂ ಒಂದೇ ಕೊಡುತ್ತಿದ್ದರು, ಬಿಳಿ ಹಳದಿಯದು. ಮಧ್ಯಾಹ್ನ ಎರಡಕ್ಕೆ ಸಿಸ್ಟರ್ ಟ್ರೇ ತರುವ ಮೊದಲೇ ನಾವಿಬ್ಬರೂ ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದೆವು. “ಏನ್ ಚಂದಾ, ಇವತ್ತು ಗಾಡಿ ಲೇಟು ಕಣೇ,” ಎಂದು ನೀವು ಅಂದರೆ ನಾನು ನಗುತ್ತಿದ್ದೆ. ಮೊದಲ ವಾರಗಳಲ್ಲಿ ಅದಿಲ್ಲದಿದ್ದರೆ ನಾನು ಅರಚಿ ಅರಚಿಯೇ ಪ್ರಾಣ ಬಿಡುತ್ತಿದ್ದೆ. ಅದನ್ನು ಬೈಯಲಾರೆ. ಆದರೆ ಕೊನೆಕೊನೆಗೆ ನಾವು ಕಾಯುತ್ತಿದ್ದದ್ದು ನೋವು ಹೋಗಲಿ ಎಂದೋ, ಮಾತ್ರೆ ಬರಲಿ ಎಂದೋ? ಆಗ ಈ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಮನೆಗೆ ಕಳಿಸುವಾಗ ಡಾಕ್ಟರು ದಿನಕ್ಕೆ ಮೂರರಂತೆ ಮೂರು ವಾರಕ್ಕೆ ಬರೆದುಕೊಟ್ಟಿದ್ದರು. ಮತ್ತೆ ತೋರಿಸಲು ಹೋದಾಗ ನಾನು ಎಕ್ಸ್‌ರೇ ಮಾತ್ರ ತೋರಿಸಿದೆ. ಮೂಳೆ ಕೂಡುತ್ತಿದೆ ಎಂದು ಅವರಿಗೆ ಖುಷಿ. ಮೂರು ಹೋಗಿ ನಾಲ್ಕಾಗಿದೆ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಇನ್ನೊಂದು ತಿಂಗಳಿಗೆ ಬರೆದುಕೊಟ್ಟರು. ಮೇ ಮುಗಿಯುವಷ್ಟರಲ್ಲಿ ದಿನಕ್ಕೆ ಆರು ನುಂಗುತ್ತಿದ್ದೆ. ಒಂದಾದ ಮೇಲೊಂದು ಮೆಟ್ಟಿಲು ಹತ್ತಿದ ಹಾಗೆ ಹತ್ತಿದ್ದೆ, ಯಾವ ಮೆಟ್ಟಿಲೂ ಎತ್ತರ ಅನ್ನಿಸಿರಲಿಲ್ಲ.

ಜೂನ್ ಎರಡು, ಭಾನುವಾರ. ಹಿಂದಿನ ಸಂಜೆಯೇ ಮಾತ್ರೆ ಮುಗಿದಿತ್ತು, ನಮ್ಮ ಬೀದಿಯ ಮೆಡಿಕಲ್ ಸ್ಟೋರ್ ಅವತ್ತು ಮುಚ್ಚಿತ್ತು. ಬೆಳಿಗ್ಗೆ ಹತ್ತಕ್ಕೆ ಸೀನು ಶುರುವಾಯಿತು. ಹನ್ನೊಂದಕ್ಕೆ ಮೂಗು ನಲ್ಲಿಯಂತೆ ಸುರಿಯತೊಡಗಿತು. ಆಕಳಿಕೆಯ ಮೇಲೆ ಆಕಳಿಕೆ, ದುಃಖವಿಲ್ಲದೆ ಕಣ್ಣೀರು. ನನ್ನ ಮಗಳು ಕೀರ್ತಿ ಮೆಣಸಿನ ಕಷಾಯ ಮಾಡಿಕೊಟ್ಟು, “ವೈರಲ್ ಇರ್ಬೇಕು ಅಮ್ಮ, ಮಲ್ಕೋ,” ಎಂದಳು. ಒಂದು ಹತ್ತಕ್ಕೆ ನನ್ನ ಕೈಚೀಲದ ಜಿಪ್ಪಿನಲ್ಲಿ ಒಂದು ಕ್ಯಾಪ್ಸೂಲ್ ಸಿಕ್ಕಿತು. ತೊಡೆ ನೋಯುತ್ತಿತ್ತೆಂದು ನುಂಗಿದೆ. ಒಂದು ಐವತ್ತಕ್ಕೆ ನೆಗಡಿ ಇರಲಿಲ್ಲ!

ಕೀರ್ತಿ ಕಷಾಯದ ಗುಣ ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಆಪಾ, ಹತ್ತೊಂಬತ್ತು ವರ್ಷದಿಂದ ಯಲಹಂಕದ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಎಷ್ಟು ಮೊಳೆತವು ಎಷ್ಟು ಕೊಳೆತವು ಎಂದು ಎಣಿಸುವ ಹೆಂಗಸು ನಾನು. ನೆಗಡಿ ಎಂದಾದರೂ ನಲವತ್ತು ನಿಮಿಷದಲ್ಲಿ ಹೋಗುವುದುಂಟೆ? ಮೂಗಿಗೂ ನೋವಿನ ಮಾತ್ರೆಗೂ ಏನು ಸಂಬಂಧ? ಬೀಜಕ್ಕೆ ನೀರು ತಪ್ಪಿಸಿ ನೋಡುವ ಹಾಗೆ ನನ್ನ ಮೈಗೆ ಮಾತ್ರೆ ತಪ್ಪಿಸಿ ನೋಡಿದೆ. ಮರುದಿನ ಅಂಗಡಿ ತೆರೆದಾಗ ಮಾತ್ರೆ ತಂದಿದ್ದೆ. ಎರಡು ದಿನದ ಮೇಲೆ, ಬೇಕೆಂದೇ, ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಬಿಟ್ಟೆ. ನೋಟ್‌ಬುಕ್ಕಿನಲ್ಲಿ ಗಂಟೆ ಬರೆದು ಪಕ್ಕದಲ್ಲಿ ಕುಳಿತೆ. ಮೊದಲು ಆಕಳಿಕೆ, ಹತ್ತು ನಿಮಿಷಕ್ಕೆ ಎಂಟು. ಆಮೇಲೆ ಮೂಗು. ಆಮೇಲೆ ತೋಳಿನ ಮೇಲಿನ ಕೂದಲೆಲ್ಲ ಎದ್ದು ನಿಂತು ಚರ್ಮ ಪುಕ್ಕ ಕಿತ್ತ ಕೋಳಿಯ ಹಾಗಾಯಿತು. ಕಾಲು ಒಂದೆಡೆ ನಿಲ್ಲದು, ಹೊಟ್ಟೆ ಹಿಂಡುತ್ತದೆ. ಒಂದು ಕ್ಯಾಪ್ಸೂಲ್ ನುಂಗಿದೆ. ಮೂವತ್ತೆಂಟು ನಿಮಿಷ.

ಗೊತ್ತಾದ ಮೇಲೆ ಹೆದರಿ ಡಾಕ್ಟರ ಹತ್ತಿರ ಓಡಬೇಕಿತ್ತು ಅಲ್ಲವೆ? ನಾನು ಮಾಡಿದ್ದೇ ಬೇರೆ. ಇನ್ನು ಮೇಲೆ ಮಾತ್ರೆ ಮುಗಿಯದಂತೆ ನೋಡಿಕೊಳ್ಳಬೇಕು ಎಂದುಕೊಂಡೆ. ಅಷ್ಟು ಬುದ್ಧಿ ಇದ್ದವಳಿಗೆ ಅಷ್ಟೇ ಹೊಳೆದದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಜೂನ್ ಎಂಟರಂದು ನಿಮ್ಮನ್ನು ನೋಡಲೆಂದು ಬಂದಿದ್ದೆ. ನಿಮ್ಮ ಸೊಸೆ ಅಸ್ಮಾ ಅಡುಗೆಮನೆಯಲ್ಲಿ ಚಹಾ ಇಟ್ಟಿದ್ದಳು. ನೀವು, “ಎರಡೇ ನಿಮಿಷ ಚಂದಾ,” ಎಂದು ಸಂಜೆಯ ಅಸರ್ ನಮಾಜಿಗೆ ಒಳಕೋಣೆಗೆ ಹೋದಿರಿ. ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ನಿಮ್ಮ ಮಾತ್ರೆ ಇರುತ್ತವೆಂದು ನೀವೇ ಹೇಳಿದ್ದಿರಿ. ಊರುಗೋಲು ಊರಿಕೊಂಡು ಎದ್ದೆ, ಮುಚ್ಚಳ ತೆಗೆದೆ, ಎರಡು ಸ್ಟ್ರಿಪ್ ಎತ್ತಿ ಸೆರಗಿನ ಒಳಗೆ ಇಟ್ಟುಕೊಂಡೆ. ನೀವು ನಮಾಜು ಮುಗಿಸಿ ಬಂದಿರಿ. ನಿಮ್ಮ ಜೊತೆ ಕೂತು ಚಹಾ ಕುಡಿದೆ, ಖಾರಾ ಬಿಸ್ಕತ್ತು ತಿಂದೆ. ನನ್ನ ಕಾಲಿಗಾಗಿ ದುವಾ ಮಾಡಿದ್ದಾಗಿ ನೀವು ಹೇಳಿದಿರಿ.

ನಾಲ್ಕು ದಿನದ ನಂತರ ನೀವು ಫೋನ್ ಮಾಡಿದಿರಿ. “ನಮ್ ಅಸ್ಮಾ ಎಲ್ಲಿಟ್ಟಳೋ ಏನೋ, ಎರಡು ಪಟ್ಟಿ ಮಾತ್ರೆ ಮಾಯ ಕಣೇ. ಚೆನ್ನಾಗಿ ಬೈದೆ, ಅತ್ತುಬಿಟ್ಟಳು. ಮಾತ್ರೆ ಇಲ್ದೆ ಎರಡು ದಿನ ಮೈಯೆಲ್ಲಾ ಚಳಿ, ಮೂಗು ಸೋರಿದ್ದೇ ಸೋರಿದ್ದು,” ಎಂದಿರಿ. ಅದಕ್ಕೆ ನಾನು ಏನೆಂದೆ ಗೊತ್ತೆ? “ಈಗಿನ ಹುಡುಗ್ಯಾರಿಗೆ ಮರೆವು ಜಾಸ್ತಿ ಬಿಡ್ರಿ ಆಪಾ,” ಎಂದೆ. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಮಾತ್ರೆಗಳನ್ನು ಕದ್ದದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಆ ಹುಡುಗಿಯ ತಪ್ಪು ಏನೇನೂ ಇಲ್ಲ. ತೆಗೆದವಳು ನಾನು.

ನಿಮ್ಮ ಮಾತ್ರೆಗಳು ಮುಗಿದ ಮೇಲೆ ಹಳೆಯ ಚೀಟಿ ಹಿಡಿದು ಅಂಗಡಿ ಅಂಗಡಿ ತಿರುಗಿದೆ. ಒಂದು ಕಡೆ ಕೊಟ್ಟರು, ಇನ್ನೊಂದು ಕಡೆ ಇಲ್ಲವೆಂದರು. ಸಹಕಾರನಗರದಲ್ಲಿ ಅನಂತರಾಜು ಎಂಬ ವಯಸ್ಸಾದವರ ಅಂಗಡಿಗೆ ಹೋಗಿ, ನೋವು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಲು ಎಳೆದು ನಡೆದೆ. ಅವರು ಕನ್ನಡಕ ಏರಿಸಿ ಚೀಟಿ ನೋಡಿದರು.

“ಇದು ಹಳೇ ಚೀಟಿ ಕಣಮ್ಮ, ಕೊಡೋ ಹಂಗಿಲ್ಲ. ದಿನಕ್ಕೆ ಎಷ್ಟು ತಗೋತಿದ್ದೀರಾ?”

“ಮೂರು,” ಎಂದೆ.

“ನಿಜವಾಗ್ಲೂ ಎಷ್ಟು?”

ನಾನು ಊರುಗೋಲು ಎತ್ತಿ ಕೌಂಟರಿಗೆ ಬಡಿದೆ ಆಪಾ. ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವರು ಒಂದು ಸ್ಟೂಲ್ ತಂದು ಹಾಕಿ, ನೀರು ಕೊಟ್ಟು, ನಾನು ಸುಮ್ಮನಾಗುವವರೆಗೆ ನಿಂತರು. ಆಮೇಲೆ ಒಂದು ಕಾಗದದಲ್ಲಿ ಹೆಬ್ಬಾಳದ ನೋವಿನ ಕ್ಲಿನಿಕ್ಕಿನ ವಿಳಾಸ ಬರೆದುಕೊಟ್ಟರು. “ನಮ್ಮ ಅಣ್ಣಂಗೂ ಹಿಂಗೇ ಆಗಿತ್ತು. ಒಂದೇ ಸಲ ಬಿಡಬೇಡಿ, ಅವರನ್ನ ಕೇಳಿ ಬಿಡಿ,” ಎಂದರು.

ನನಗೆ ನಾಚಿಕೆಯಾಗಿತ್ತು, ಹಟ ಬಂದಿತ್ತು. ಅವರು ಬೇಡವೆಂದದ್ದನ್ನೇ ಮಾಡಿದೆ. ಮರುದಿನದಿಂದ ಒಂದನ್ನೂ ಮುಟ್ಟಲಿಲ್ಲ. ನೋಟ್‌ಬುಕ್ ಇಟ್ಟುಕೊಂಡು, ಎಷ್ಟು ದಿನಕ್ಕೆ ಇಳಿಯುತ್ತದೆ ನೋಡಿಯೇಬಿಡುತ್ತೇನೆ ಎಂದು ಕುಳಿತೆ. ಮೊದಲ ದಿನದ ಬರವಣಿಗೆ ಚೆನ್ನಾಗಿದೆ. ಎರಡನೆಯ ದಿನ ಅಕ್ಷರ ಸೊಟ್ಟಗಾಗಿದೆ. ಮೂರನೆಯ ದಿನದ ಹಾಳೆಯಲ್ಲಿ ಬರೀ ಒಂದು ಗೀಟು ಇದೆ. ಅವತ್ತು ಕೀರ್ತಿ ಕಾಲೇಜಿನಿಂದ ಬಂದಾಗ ನಾನು ಬಚ್ಚಲುಮನೆಯಲ್ಲಿ, ಒದ್ದೆ ಸೀರೆಯಲ್ಲಿ, ಗೋಡೆಗೆ ಒರಗಿ ನಡುಗುತ್ತಿದ್ದೆನಂತೆ. ಎತ್ತಿ ಕೂರಿಸಿ, ಟವೆಲ್ ಹೊದಿಸಿ, ಎದುರಿಗೆ ಕೂತಳು. “ಅಮ್ಮ, ನಿಜ ಹೇಳು,” ಎಂದಳು. ಅವಳಪ್ಪ ತೀರಿಕೊಂಡು ಆರು ವರ್ಷವಾಯಿತು. ಅಷ್ಟು ದಿನದಲ್ಲಿ ಒಮ್ಮೆಯೂ ಅವಳು ನನ್ನನ್ನು ಆ ದನಿಯಲ್ಲಿ ಕೇಳಿರಲಿಲ್ಲ. ಹೇಳಿದೆ. ನಿಮ್ಮ ಡಬ್ಬಿಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಮರುದಿನ ಅವಳೇ ನನ್ನನ್ನು ಹೆಬ್ಬಾಳದ ಆ ಕ್ಲಿನಿಕ್ಕಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಗಜಾಲಾ ಮೇಡಂ. ನನ್ನ ನೋಟ್‌ಬುಕ್ ತೆಗೆದುಕೊಂಡು ಪೂರ್ತಿ ಓದಿದರು. ಬೈಯುತ್ತಾರೆಂದು ಕಾಯುತ್ತಿದ್ದೆ. “ಇಷ್ಟು ನೀಟಾಗಿ ಯಾವ ಪೇಷಂಟೂ ಬರೆದು ತಂದಿಲ್ಲ,” ಎಂದು ನಕ್ಕರು. ಆಮೇಲೆ ಗಂಭೀರವಾಗಿ, “ಆದ್ರೆ ಹೀಗೆ ಒಂದೇ ಸಲ ನಿಲ್ಲಿಸಿದ್ರಲ್ಲ, ಅದು ತಪ್ಪು. ಇಷ್ಟು ತಿಂಗಳಲ್ಲಿ ನಿಮ್ಮ ಮೈ ಅದಕ್ಕೆ ಒಗ್ಗಿಹೋಗಿದೆ. ನಿಧಾನಕ್ಕೆ ಇಳಿಸೋಣ,” ಎಂದರು. ತಲೆ ತಗ್ಗಿಸಿ ಕೂತವಳು ಆಗ ತಲೆ ಎತ್ತಿದೆ. ಕೇಳಬೇಕಾದ ಪ್ರಶ್ನೆಗಳು ಬಹಳ ಇದ್ದವು. ಮೂಗೇಕೆ ಸೋರುತ್ತದೆ, ರೋಮವೇಕೆ ನಿಲ್ಲುತ್ತದೆ, ಕಾಲೇಕೆ ಓಡುತ್ತದೆ? ಹೊರಗೆ ಜನ ಕಾಯುತ್ತಿದ್ದರೂ ಅವರು ಒಂದೊಂದಕ್ಕೂ ಉತ್ತರ ಹೇಳಿದರು. ಮಾತ್ರೆ ಇಷ್ಟು ದಿನ ಒತ್ತಿ ಹಿಡಿದದ್ದೆಲ್ಲ, ಕೈ ಬಿಟ್ಟ ಕೂಡಲೇ ಒಟ್ಟಿಗೆ ಎದ್ದುಬರುತ್ತದಂತೆ.

ಹತ್ತು ದಿನಕ್ಕೊಮ್ಮೆ ಒಂದು ಕಡಿಮೆ. ಮಾತ್ರೆ ಇರುವುದು ಕೀರ್ತಿಯ ಬಳಿ. ಲ್ಯಾಬಿನಲ್ಲಿ ಬೀಜ ತುಂಬುವ ಕಾಗದದ ಲಕೋಟೆಗಳು ಮನೆಯಲ್ಲಿದ್ದವು. ಅವಳು ಅವುಗಳ ಮೇಲೆ ದಿನಾಂಕ ಬರೆದು, ಆಯಾ ದಿನದ್ದನ್ನು ಬೆಳಿಗ್ಗೆ ಕೈಗೆ ಕೊಟ್ಟು ಕಾಲೇಜಿಗೆ ಹೋಗುತ್ತಾಳೆ. ಪ್ರತಿ ಸಲ ಇಳಿಸಿದಾಗಲೂ ಮೂರು ದಿನ ಕಷ್ಟ, ನಾಲ್ಕನೆಯ ದಿನ ಹಸಿವಾಗುತ್ತದೆ. ಒಂದು ಬೆಳಿಗ್ಗೆ ಒಗ್ಗರಣೆಯ ಕರಿಬೇವಿನ ವಾಸನೆಗೆ ಮೈ ಜುಮ್ಮೆಂದಿತು. ಎಷ್ಟು ತಿಂಗಳಿಂದ ನನಗೆ ವಾಸನೆಯೇ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂದು ಆಗಲೇ ಗೊತ್ತಾದದ್ದು. ಇನ್ನೊಂದು ವಿಷಯ ಕಂಡುಕೊಂಡೆ. ದಿನವಿಡೀ ಇದ್ದ ಆ ನೋವಿನಲ್ಲಿ ಮೂಳೆಯದು ಸ್ವಲ್ಪವೇ, ಮೆಟ್ಟಿಲು ಹತ್ತುವಾಗ ಮಾತ್ರ ಬರುವಂಥದ್ದು. ಉಳಿದದ್ದು ಮೈ ಮಾತ್ರೆಯನ್ನು ಕೇಳುತ್ತಿದ್ದ ರೀತಿ. ಎರಡರ ದನಿಯೂ ಒಂದೇ ಥರ ಇತ್ತು, ಅದಕ್ಕೇ ಮೋಸಹೋದೆ. ಈಗ ದಿನಕ್ಕೆ ಒಂದಕ್ಕೆ ಬಂದಿದ್ದೇನೆ. ಇದೇ ಎಲ್ಲಕ್ಕಿಂತ ಕಷ್ಟದ್ದು. ಬಿಟ್ಟೇಬಿಡುತ್ತೇನೆ ಎಂದು ಬರೆಯಲು ಧೈರ್ಯವಿಲ್ಲ, ಇವತ್ತಿನದನ್ನು ಹೆಚ್ಚು ಮಾಡಿಲ್ಲ ಎಂದು ಬರೆಯಬಲ್ಲೆ.

ಆಪಾ, ಫೋನಿನಲ್ಲಿ ನೀವು ಹೇಳಿದ ಆ ಚಳಿ, ಆ ಮೂಗು, ನನ್ನ ನೋಟ್‌ಬುಕ್ಕಿನಲ್ಲೂ ಇವೆ. ನೀವು ದಿನಕ್ಕೆ ಎಷ್ಟು ತೆಗೆದುಕೊಳ್ಳುತ್ತಿದ್ದೀರಿ ಎಂದು ನಾನು ಕೇಳುವುದಿಲ್ಲ, ಆ ಹಕ್ಕು ಕಳೆದುಕೊಂಡಿದ್ದೇನೆ. ನಿಮ್ಮ ಹೆಸರು ಹೇಳದೆ ಗಜಾಲಾ ಮೇಡಂ ಹತ್ತಿರ ವಿಚಾರಿಸಿದೆ. “ಅವರ ಮಂಡಿ ಬೇರೆ, ನಿಮ್ಮ ತೊಡೆ ಬೇರೆ. ನೋಡದೆ ನಾನು ಏನೂ ಹೇಳಲ್ಲ. ಅವರಾಗೇ ನಿಲ್ಲಿಸೋದು ಬೇಡ, ಕರ್ಕೊಂಡ್ಬನ್ನಿ,” ಎಂದರು. ಇಪ್ಪತ್ತೊಂದರ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಸರದಿ. ಹತ್ತೂಕಾಲಿಗೆ ನಿಮ್ಮ ಗೇಟಿನ ಹತ್ತಿರ ಆಟೋದಲ್ಲಿ ಇರುತ್ತೇನೆ. ಬೈಯಬೇಕೆನಿಸಿದರೆ ಗೇಟಿಗೆ ಬಂದು ಬೈಯಿರಿ. ಬರಬೇಕೆನಿಸಿದರೆ ಆಟೋ ಹತ್ತಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು, ದಾರಿಯುದ್ದಕ್ಕೂ ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಮಂಡಿಗೆ ಹುಷಾರು. ಸ್ನಾನದ ಮನೆಯಲ್ಲಿ ಗೋಡೆ ಹಿಡಿದೇ ನಡೆಯಿರಿ.

ಕ್ಷಮೆಗೆ ಯೋಗ್ಯಳೋ ಅಲ್ಲವೋ ತಿಳಿಯದ,
ನಿಮ್ಮ
ಚಂದಾ

ತಾ.ಕ.: ಶನಿವಾರ ನೀವು ಫಿಸಿಯೋಥೆರಪಿಗೆ ಹೋದ ಹೊತ್ತು ನೋಡಿ ನಿಮ್ಮ ಮನೆಗೆ ಬಂದಿದ್ದೆ. ನಿಮಗಿಂತ ಮೊದಲು ಅಸ್ಮಾಳ ಬಳಿ ತಪ್ಪೊಪ್ಪಿಕೊಳ್ಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು, “ಗೊತ್ತು ಆಂಟಿ,” ಎಂದಳು. ಅವತ್ತು ಚಹಾ ಸೋಸುತ್ತಾ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ನೋಡಿದ್ದಳಂತೆ. ನೀವು ಬೈಯುವಾಗಲೂ ಬಾಯಿ ಬಿಡದೆ ಅತ್ತವಳು ಅವಳು. ಏಕೆ ಹೇಳಲಿಲ್ಲ ಎಂದು ಕೇಳಿದೆ. “ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮೀ ನಗೋದು ನಿಮ್ಮ ಹತ್ರ ಮಾತಾಡುವಾಗ ಮಾತ್ರ ಆಂಟಿ. ಅದನ್ನ ಹೇಗೆ ಕಿತ್ಕೊಳ್ಳಲಿ?” ಎಂದಳು. ಇದನ್ನು ನಿಮಗೆ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ನಾನು ಉಳಿಸಿಕೊಳ್ಳುತ್ತಿಲ್ಲ.