ಹಲ್ಲಿಲ್ಲದ ಪ್ರಾಣಿ

ಫೆಬ್ರವರಿ 4, ಮಂಗಳವಾರ

ಮತ್ತೆ ಏಡಿ. ಬೆಳಿಗ್ಗೆಯಿಂದ ಅದಕ್ಕೆ ವಿಷದ ಕೊಂಡಿ ಬರೆಯುತ್ತ ಕೂತಿದ್ದೇನೆ. ಹಿಂದಿನ ಆಟದ ಪುಸ್ತಕಕ್ಕೆ ನಾನು ಹುಟ್ಟಿಸಿದ್ದು ಆರು ಕಾಲಿನ ತೋಳ. ಅದಕ್ಕೂ ಹಿಂದೆ ರೆಕ್ಕೆ ಬಂದ ಹಲ್ಲಿ. ನಮ್ಮ ಆಟ ಆಡುವವರು ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕಥೆ ಕಟ್ಟುತ್ತ ನಕ್ಷತ್ರಗಳನ್ನೇ ದಾಟುತ್ತಾರೆ. ಅಷ್ಟು ದೂರ ಬಂದವರಿಗೆ ನಾವು ತೋರಿಸುವುದು ಹಿತ್ತಲ ಹುಳುಹುಪ್ಪಟೆ. ಬೆನ್ನು ನೋವು.

ಫೆಬ್ರವರಿ 9

ಒಂದು ಹೊಳೆಯಿತು! ಹಲ್ಲಿಲ್ಲ, ಉಗುರಿಲ್ಲ. ನಕ್ಷತ್ರ ದಾಟುವ ಹಡಗಿನ ಗೋಡೆಗೆ ಅಂಟಿಕೊಳ್ಳುವ ತೆಳು ಪೊರೆ. ಮಾತಿನ ಸದ್ದೇ ಅದರ ಊಟ. ಅದಿರುವ ಕೋಣೆಯಲ್ಲಿ ಎಲ್ಲರ ದನಿ ಇಳಿಯುತ್ತ ಹೋಗುತ್ತದೆ. ಕೊಲ್ಲಬೇಕೆಂದರೆ ಯಾರೂ ತುಟಿ ಬಿಚ್ಚಬಾರದು — ಹಸಿದು ಸಾಯುತ್ತದೆ.

ಫೆಬ್ರವರಿ 12

ಸಂಪಾದಕರು ಓದಿದರು.

“ಚೆನ್ನಾಗಿದೆ. ಆದ್ರೆ ಇದನ್ನ ಹೊಡೆಯೋದು ಎಲ್ಲಿಗೆ?”

“ಹೊಡೆಯೋಕಾಗಲ್ಲ ಸರ್.”

“ಮತ್ತೆ ಆಟಗಾರರು ಏನ್ ಮಾಡ್ಬೇಕು, ಸಾಕ್ಬೇಕಾ? ಕೊಂಡಿ ಹಾಕಮ್ಮ.”

ಒಂದು ಸಲ ಆಡಿಸಿ ನೋಡುತ್ತೇನೆ ಎಂದು ಬೇಡಿಕೊಂಡೆ. ಶುಕ್ರವಾರದವರೆಗೆ ಟೈಮ್.

ಫೆಬ್ರವರಿ 13, ಸಂಜೆ

ಆಡಲು ಬೇರೆ ಯಾರೂ ಸಿಗಲಿಲ್ಲ. ಅಕ್ಕನ ಮನೆಗೇ ಹೋದೆ. ಅಕ್ಕ-ಭಾವನ ನಡುವೆ ಮಾತು ನಿಂತು ಎಷ್ಟೋ ದಿನ. “ನಿಮ್ಮ ಭಾವಂಗೆ ಹೇಳು, ಫ್ಯಾನ್ ಆಫ್ ಮಾಡೋಕೆ” — ಎದುರುಬದುರು ಕೂತವರಿಗೆ ನಾನು ಪೋಸ್ಟ್‌ಮ್ಯಾನ್.

ಆಟದಲ್ಲಿ ಅಕ್ಕ ಹಡಗಿನ ಡಾಕ್ಟರು, ಭಾವ ಮೆಕ್ಯಾನಿಕ್. ಗುಟ್ಟು ಭಾವನಿಗೆ ಬೇಗ ತಿಳಿಯಿತು.

“ಬಾಯಿ ಮುಚ್ಕೊಂಡಿದ್ರೆ ಸಾಯುತ್ತೆ, ಅಷ್ಟೇ ತಾನೆ? ನಮಗೆ ಅಭ್ಯಾಸ ಇದೆ ಬಿಡು.”

ನಾನು ನಕ್ಕೆ. ಅಕ್ಕ ನಗಲಿಲ್ಲ.

“ನಂಗಾಗಲ್ಲ,” ಎಂದಳು. ಆಮೇಲೆ ನೇರವಾಗಿ ಅವರಿಗೇ — “ರೀ, ಏನಾದ್ರೂ ಮಾತಾಡ್ರಿ. ಬೈದ್ರೂ ಪರ್ವಾಗಿಲ್ಲ.”

ಭಾವ ದಾಳ ಕೆಳಗಿಟ್ಟರು.

“ಕೆಲಸ ಹೋಗಿದೆ ಕಣೆ. ದಿನಾ ಬೆಳಿಗ್ಗೆ ಹೋಗ್ತೀನಲ್ಲ... ಬಸ್ ಸ್ಟಾಪಲ್ಲಿ ಕೂತಿರ್ತೀನಿ.”

ಅಕ್ಕ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಸದ್ದಾಗದಂತೆ ಚಪ್ಪಲಿ ಮೆಟ್ಟಿ ಬಂದುಬಿಟ್ಟೆ.

ಫೆಬ್ರವರಿ 14

“ಫೈಟ್ ಎಷ್ಟು ರೌಂಡ್ ನಡೀತು?”

“ನಡೀಲೇ ಇಲ್ಲ ಸರ್.”

“ನೋಡಿದ್ಯಾ!”

ಏನೆಂದು ವಿವರಿಸುವುದು? ಅದು ಅವರ ಮನೆಯ ಮಾತು. ಜಗಳವಾಡಲು ತ್ರಾಣವೂ ಇರಲಿಲ್ಲ. ಕೊಂಡಿ ನಾನೇ ಹಾಕಿದೆ. ಹಲ್ಲು ಕೂಡ.

ಏಪ್ರಿಲ್ 20

ಪುಸ್ತಕ ಬಂತು. ಮುಖಪುಟದಲ್ಲಿ ನನ್ನ ಪೊರೆ — ಬಾಯಿ ತೆರೆದು, ಜೊಲ್ಲು ಸುರಿಸುತ್ತ. ಒಳಗೆ ತೆರೆದು ನೋಡಲಿಲ್ಲ.

ಅಕ್ಕನ ಫೋನ್. ಹಿಂದಿನಿಂದ ಭಾವನ ದನಿ, “ಕೊಡೇ ಇಲ್ಲಿ, ನಾನೇ ಕೇಳ್ತೀನಿ.” ಹೊಸ ಕೆಲಸ ಇನ್ನೂ ಸಿಕ್ಕಿಲ್ಲವಂತೆ. ಇಬ್ಬರೂ ಹುಡುಕುತ್ತಿದ್ದಾರೆ.

“ಬಂತೇನಮ್ಮ ನಿನ್ನ ಪ್ರಾಣಿ?”

“ಬಂತು ಭಾವ. ಹಲ್ಲು ಹುಟ್ಟಿದೆ ಅದಕ್ಕೆ.”

“ಅಯ್ಯೋ ಪಾಪ,” ಎಂದರು. ನಿಜವಾಗಿಯೂ ಬೇಸರಪಟ್ಟರು. ಇಡೀ ದಿನದಲ್ಲಿ ಬೇಸರಪಟ್ಟವರು ಅವರೊಬ್ಬರೇ.

ಏಪ್ರಿಲ್ 21

ಮುಂದಿನ ಪುಸ್ತಕಕ್ಕೆ ಕಾಡಿನ ಗ್ರಹ. ಸಂಪಾದಕರಿಗೆ ಎಂಟು ಕಾಲಿನ ಹುಲಿ ಬೇಕು. ಎಂಟು ಕಾಲು ಬರೆದೆ. ಹೊಡೆದು ಹಾಕಿದೆ. ಸುಸ್ತು. ಆದರೂ... ಕಾಲೇ ಇಲ್ಲದಿದ್ದರೆ? ಮರದಿಂದ ಮರಕ್ಕೆ ಅದು ಹೇಗೆ —