ಮುರುಪಾರೆಯ ನೆಂಟರು

ಇಸವಿ 2197, ಆಸಾಡಿ ತಿಂಗಳ ನಲವತ್ತಮೂರನೇ ದಿನ.

ಪೂಜ್ಯ ವಾರಿಜಜ್ಜಿಯವರಿಗೆ, ನಿಮ್ಮ ಮರಿಮಗನ ಮರಿಮಗನಾದ ಅಂಬುಧಿ ಮೊಗವೀರ ತಲೆತಗ್ಗಿಸಿ ಮಾಡುವ ನಮಸ್ಕಾರಗಳು. ತಲೆ ಯಾಕೆ ತಗ್ಗಿದೆ ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಮಳೆ ಮುಗಿಯುವ ತನಕ ತಿಂಗಳನ್ನು ಮುಗಿಸುವುದಿಲ್ಲ. ಪಂಚಾಂಗದವರು ಮೋಡದ ಜೊತೆ ಹಾಗೊಂದು ಒಪ್ಪಂದಕ್ಕೆ ಬಂದಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಒಂದು ಮನೆತನಕ್ಕೆ ಒಂದೇ ಪತ್ರ. ಹೆಚ್ಚಿನವರು ಆ ಗದ್ದೆ ಮಾರಬೇಡಿ, ಈ ಅಳಿಯನನ್ನು ನಂಬಬೇಡಿ ಎಂದು ಬರೆಯುತ್ತಾರೆ. ನಾನು ಬರೆಯುತ್ತಿರುವುದು ಒಂದೇ ಒಂದು ಸಾಲಿನ ವಿಚಾರ.

ಬರುವ ಸೋಮವಾರ ನೀವು ಮುರುಪಾರೆ ಸಂರಕ್ಷಣಾ ಸಮಿತಿಯ ಅಧ್ಯಕ್ಷೆಯಾಗಿ ನಿಯಮಾವಳಿಗೆ ಸಹಿ ಹಾಕುತ್ತೀರಿ. ಅದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಕಡಲಿನ ಆ ಮುರುಪಾರೆ ಬಂಡೆಯ ಸುತ್ತ ಒಂದು ಮೈಲಿ ಬಲೆ ಬೀಸಬಾರದು. ಹವಳದ ಮೇಲೆ ಲಂಗರು ಹಾಕಬಾರದು. ದಿನಕ್ಕೆ ನಲವತ್ತು ಪ್ರವಾಸಿಗರು ಮಾತ್ರ ನೀರಿಗಿಳಿಯಬಹುದು. ಮುರು ಮೀನುಗಳು ಮೊಟ್ಟೆಯಿಡಲು ಒಟ್ಟುಗೂಡುವ ಎರಡು ತಿಂಗಳು ನರಪಿಳ್ಳೆಯೂ ಆ ಕಡೆ ಸುಳಿಯಬಾರದು. ಎಂಥ ಚೊಕ್ಕ ನಿಯಮಗಳು ಅಜ್ಜಿ! ಓದಿದರೆ ಮೀನಿಗೂ ಕಣ್ಣು ತುಂಬಬೇಕು. ಆದರೆ ಸಹಿ ಹಾಕುವ ಮುನ್ನ ನೀವು ಕೈಬರಹದಲ್ಲಿ ಕೊನೆಗೊಂದು ಸಾಲು ಸೇರಿಸುತ್ತೀರಿ: "ಊರಿನವರ ನೆಂಟರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ."

ಆ ಸಾಲಿನಿಂದಲೇ ನನಗೆ ಅನ್ನ. ನನ್ನ ಹುದ್ದೆಯ ಹೆಸರು ನೆಂಟಗುಮಾಸ್ತ. ದೋಣಿ ನಿಲ್ಲುವ ದಕ್ಕೆಯ ಪಕ್ಕದ ಕೋಣೆಯಲ್ಲಿ ಕುಳಿತು, ಬಂದವರು ಪ್ರವಾಸಿಗರೋ ನೆಂಟರೋ ಎಂದು ವಿಚಾರಿಸಿ, ನೆಂಟರಾದರೆ ನೆಂಟಪತ್ರ ಬರೆದುಕೊಡುವುದು ಕೆಲಸ. ಮೊದಮೊದಲು ನಿಜವಾದ ನೆಂಟರೇ ಬರುತ್ತಿದ್ದರಂತೆ. ಆಮೇಲೆ ಊರಿನ ಪ್ರತಿ ಮನೆಯಲ್ಲೂ ಅತಿಥಿಗಳು ಉಳಿದುಕೊಳ್ಳುವುದು ಶುರುವಾಯಿತು. ಬೆಳಿಗ್ಗೆ ನೀರ್‌ದೋಸೆ, ಮಧ್ಯಾಹ್ನ ಬಂಗುಡೆ ಗಸಿ ಬಡಿಸಿದ ಮೇಲೆ, ನಮ್ಮ ಮನೆಯಲ್ಲಿ ಉಂಡವರನ್ನು ಹೊರಗಿನವರು ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ನಿಯಮದಂತೆ ದಿನಕ್ಕೆ ನಲವತ್ತೇ ಪ್ರವಾಸಿಗರು. ಒಂದು ದಿನವೂ ನಲವತ್ತೊಂದಾಗಿಲ್ಲ, ಅದು ನಮ್ಮ ಹೆಮ್ಮೆ. ನೆಂಟರು ಮಾತ್ರ ಆರುನೂರು. ಒಮ್ಮೆ ಜರ್ಮನಿಯ ಗೃಹಸ್ಥರೊಬ್ಬರು ಕೈಮುಗಿದು, "ನಾನ್ ಇವ್ರ ಅತ್ತಿಗೆ" ಎಂದರು. ಯಾರೋ ಕಲಿಸಿಕೊಟ್ಟದ್ದು ಅದಲುಬದಲಾಗಿತ್ತು. ಗಡ್ಡ ಎದೆಯವರೆಗಿತ್ತು. ನಾನು ನೆಲ ನೋಡುತ್ತಾ ಸಹಿ ಹಾಕಿದೆ.

ಲಂಚ ತೆಗೆದುಕೊಂಡಿದ್ದರೆ ಕಳ್ಳತನವೆಂದು ನಮಗೇ ತಿಳಿಯುತ್ತಿತ್ತು, ಎಂದಾದರೂ ಸಿಕ್ಕಿಬೀಳುತ್ತಿದ್ದೆವು. ನಾವು ಮಾಡಿದ್ದೆಲ್ಲ ಬರೀ ದಾಕ್ಷಿಣ್ಯಕ್ಕೆ. ದಾಕ್ಷಿಣ್ಯಕ್ಕೆ ಯಾವ ಕಾನೂನಿನಲ್ಲೂ ಶಿಕ್ಷೆಯಿಲ್ಲ.

ಕಡಲಿನ ಆರೋಗ್ಯ ನೋಡಲು ನಮ್ಮಲ್ಲಿ ಕಿವಿದೋಣಿ ಇದೆ. ಸದ್ದಿಲ್ಲದೆ ತೇಲುತ್ತಾ ನೀರಿನಡಿಯ ಸದ್ದು ಕೇಳಿಸಿಕೊಳ್ಳುವ ದೋಣಿ ಅದು. ಬದುಕಿರುವ ಹವಳದ ದಿಬ್ಬದಿಂದ, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಎಡೆಬಿಡದ ಚಿಟಪಟ ಬರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಬಾಣಲೆ ತುಂಬ ಸಾಸಿವೆಯಿತ್ತು. ವರ್ಷ ಕಳೆದಂತೆ ಸಿಡಿತ ಕಡಿಮೆಯಾಯಿತು, ನೆಂಟರ ಕಾಲುಗಳ ಬಡಿತ ಹೆಚ್ಚಾಯಿತು. ಹೋದ ವರ್ಷ ಮೊಟ್ಟೆಯಿಡುವ ತಿಂಗಳಲ್ಲಿ ಒಟ್ಟು ಏಳು ಮುರು ಬಂದವು. ನಿಮ್ಮ ಕಾಲದಲ್ಲಿ ಎಣಿಸಲಾಗದಷ್ಟು ಬರುತ್ತಿದ್ದವಂತೆ. ಏಳು ಎಂದರೆ ಕೊನೆಯ ಏಳು ಎಂದು ಕಿವಿದೋಣಿಯವರು ನನ್ನ ಮೇಜಿನ ಮೇಲೆ ಬರೆದಿಟ್ಟು ಹೋದರು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಜಲಜ ದೊಡ್ಡಮ್ಮ ತನ್ನಲ್ಲಿ ಉಳಿದುಕೊಂಡಿದ್ದ ಒಂದು ಮದುವೆ ದಿಬ್ಬಣವನ್ನೇ ಕರೆತಂದರು, ಅರವತ್ತೆರಡು ಜನ. ಈ ಎರಡು ತಿಂಗಳಾದರೂ ಬೇಡ ದೊಡ್ಡಮ್ಮ, ಏಳೇ ಉಳಿದಿವೆ ಎಂದೆ. ಅವರು ಸೆರಗಿನಲ್ಲಿ ಬೆವರು ಒರೆಸಿಕೊಂಡು, "ಹ್ವಾಯ್ ಮಾಣಿ, ನೀ ಹುಟ್ಟುಕೆ ಮುಂಚೆ ನಿನ್ ಅಬ್ಬಿಗೆ ಬಯಕೆ ಊಟ ಹಾಕಿದ್ದ್ ನಾನ್. ಈಗ ನಂಗೇ ಇಲ್ಲೆ ಅಂಬ್ಯಾ?" ಎಂದರು. "ಮದುಮಕ್ಳನ್ನ ಕಡ್ಲ್ ಕರೆಯಗೆ ನಿಲ್ಸಿ ವಾಪಸ್ ಕಳ್ಸುದಾ? ಏಳ್ ಮೀನಿಗ್ ಇಪ್ಪು ಮರ್ಯಾದಿ ನಂಗಿಲ್ಯಾ?" ಎಂದು ಕೇಳಿದರು. ಮೀನಿನ ಪರವಾಗಿ ಮಾತಾಡಲು ಅಲ್ಲಿ ಇದ್ದವನು ನಾನೊಬ್ಬನೇ. ಅರವತ್ತೆರಡು ಪತ್ರ ಬರೆದೆ. ಸಂಬಂಧ ಎಂಬ ಕಡೆ "ಬೀಗರು" ಎಂದು ತುಂಬಿಸಿದೆ. ಯಾರಿಗೆ ಬೀಗರು ಎಂದು ಆ ಹಾಳೆಯೂ ಕೇಳಲಿಲ್ಲ.

ಯಾರೂ ಮೀನು ಹಿಡಿಯಲಿಲ್ಲ, ಕಸ ಎಸೆಯಲಿಲ್ಲ. ಒಳ್ಳೆಯ ಜನ. ಇಳಿದರು, ನೋಡಿದರು, ಫೋಟೊ ತೆಗೆದರು. ಏಳು ಮುರುಗಳು ಮೊಟ್ಟೆಯಿಡದೆ ಹೊರಟುಹೋದವು. ಈ ವರ್ಷ ಕಿವಿದೋಣಿ ಎರಡು ತಿಂಗಳು ಅಲ್ಲೇ ನಿಂತಿತ್ತು. ಒಂದೂ ಬರಲಿಲ್ಲ.

ಸಮಿತಿ ಈಗ ಬಂಡೆಯ ಬುಡಕ್ಕೆ ರಬ್ಬರಿನ ಮುರುವನ್ನು ಕಟ್ಟಿಸಿದೆ. ಬೆಳಿಗ್ಗೆ ಒಂಬತ್ತರಿಂದ ಬಾಲ ಅಲ್ಲಾಡಿಸುತ್ತದೆ, ಮಂಗಳವಾರ ರಜೆ. ನೆಂಟರಿಗೆ ಬಹಳ ಇಷ್ಟವಾಗಿದೆ. ನಿಜವಾದ ಮೀನು ಹೀಗೆ ಹತ್ತಿರ ನಿಲ್ಲುತ್ತಿರಲಿಲ್ಲ ಎಂದು ಜಲಜ ದೊಡ್ಡಮ್ಮನೇ ನನಗೆ ಸಮಾಧಾನ ಹೇಳಿದರು. ಆ ದಿನವೇ ಹೋಗಿ ಹಿಂದಂಚೆಯ ಕಾಗದ ತಂದೆ.

ಆದ್ದರಿಂದ ಕೇಳುತ್ತಿದ್ದೇನೆ ಅಜ್ಜಿ: ಆ ಸಾಲು ಬರೆಯಬೇಡಿ. ಯಾಕೆ ಬರೆದಿರಿ ಎಂಬುದೂ ಗೊತ್ತು, ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಸೋಮವಾರ ನಿಮ್ಮ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಗಂಡಿಗೆ ಮುರುಪಾರೆ ನೋಡುವ ಆಸೆ. ಹೊಸ ನಿಯಮದ ಮೊದಲ ದಿನವಾದ ಅಂದಿನ ನಲವತ್ತು ಚೀಟಿ ಮೊದಲೇ ಹಂಚಿ ಮುಗಿದಿರುತ್ತವೆ. ಅಳಿಯನಾಗುವವನಿಗೆ ಇಲ್ಲ ಎನ್ನಲು ನಿಮ್ಮಿಂದ ಆಗುವುದಿಲ್ಲ. ಆ ಗಂಡೇ ನನ್ನ ಹಿರಿಯಜ್ಜ. ದೋಣಿಯಲ್ಲಿ ವಾಪಸಾಗುವಾಗಲೇ ಸಂಬಂಧಕ್ಕೆ ಒಪ್ಪಿದರಂತೆ.

ಇಲ್ಲ ಎನ್ನಿ. ನನ್ನಿಂದ ಒಮ್ಮೆಯೂ ಆಗದ ಮಾತನ್ನು ನಿಮ್ಮ ಬಾಯಲ್ಲಿ ಹೇಳಿಸುತ್ತಿದ್ದೇನೆ, ಅದಕ್ಕೂ ನಾಚಿಕೆಯಿದೆ. ಅವರನ್ನು ಜಗಲಿಯಲ್ಲಿ ಕೂರಿಸಿ, ಚೆನ್ನಾಗಿ ಬಡಿಸಿ, ಮಂಗಳವಾರ ಸರದಿಯಲ್ಲಿ ಬನ್ನಿ ಎನ್ನಿ. ಒಳ್ಳೆಯ ಮನುಷ್ಯರಾದರೆ ಒಂದು ದಿನ ಕಾಯುತ್ತಾರೆ. ಸಿಟ್ಟು ಮಾಡಿಕೊಂಡು ಎದ್ದುಹೋದರೆ ಸಂಬಂಧ ಮುರಿಯುತ್ತದೆ, ನಮ್ಮ ಸಂತತಿಯೇ ಇರುವುದಿಲ್ಲ, ನಾನೂ ಹುಟ್ಟುವುದಿಲ್ಲ. ಎರಡು ವಾರ ಇದನ್ನೇ ಯೋಚಿಸಿ ಈ ಪತ್ರವನ್ನು ಅಂಚೆಗೆ ಹಾಕುತ್ತಿದ್ದೇನೆ. ಹೆಚ್ಚೆಂದರೆ ದಕ್ಕೆಯ ಪಕ್ಕದಲ್ಲಿ ಒಬ್ಬ ಗುಮಾಸ್ತನ ಕುರ್ಚಿ ಖಾಲಿ ಉಳಿಯುತ್ತದೆ.

ಖಾಲಿಯೇ ಇರಲಿ.

ನಿಮ್ಮ,
ಅಂಬುಧಿ